ಮೀಸೆ ಮಣ್ಣಾದ ಮೇಲೆ

(ಬಾನುಲಿ ಭಾಷಣ)

ಜಟ್ಟಿಗಳನ್ನು ಕುರಿತು ಕನ್ನಡದಲ್ಲಿ ಎರಡು ಗಾದೆಗಳು ಪ್ರಸಿದ್ಧವಾಗಿವೆ. ‘ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು’ ಎಂಬುದು ಒಂದು. ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬುದು ಇನ್ನೊಂದು. ಎರಡೂ ನಗೆಯ ಮಾತುಗಳು. ಆದರೆ ಆ ನಗೆ ಯಾರನ್ನು ಕುರಿತದ್ದು ಎಂಬುದನ್ನು ಗಮನಿಸಬೇಕು. ಬಿದ್ದವನನ್ನು ನೋಡಿ ನಮ್ಮ ಜನ ನಕ್ಕಿಲ್ಲ. ಬಿದ್ದೆನೆಂದು ಒಪ್ಪಲಾರದವನನ್ನು ನೋಡಿ ನಕ್ಕಿದ್ದಾರೆ.

ಮೊದಲನೆಯ ಗಾದೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನಗಾಗ ಹದಿಮೂರು ವರ್ಷ. ಊರಿನ ಗರಡಿಯಲ್ಲಿ ಎರಡು ವರ್ಷ ಸಾಮು ಮಾಡಿದ್ದೆ. ಆ ವರ್ಷದ ಜಾತ್ರೆಯಲ್ಲಿ ಹುಡುಗರ ಜೋಡಿಗಳನ್ನು ಕಟ್ಟಿದಾಗ ನಾನೂ ಅಖಾಡಕ್ಕೆ ಇಳಿದೆ. ತಮಟೆಯ ಸದ್ದು ಕಾವೇರುವ ಮೊದಲೇ ನನ್ನ ಬೆನ್ನು ಮಣ್ಣು ಮುಟ್ಟಿತ್ತು. ಮನೆಗೆ ಬಂದು ಅಜ್ಜಿಯ ಮುಂದೆ, ‘ಮಣ್ಣು ಒದ್ದೆಯಾಗಿತ್ತು, ಜಾರಿದೆ’ ಎಂದೆ. ರಾಗಿ ಬೀಸುತ್ತಿದ್ದ ಅಜ್ಜಿ ಕೈ ನಿಲ್ಲಿಸದೆಯೇ, ‘ಹೌದಪ್ಪ, ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟೇ’ ಎಂದಳು. ಮನೆಯವರೆಲ್ಲ ನಕ್ಕರು. ಮರುದಿನದಿಂದ ನಾನು ಗರಡಿಯ ಕಡೆ ತಲೆ ಹಾಕಲಿಲ್ಲ. ಕೇಳಿದವರಿಗೆ ಓದು ಹೆಚ್ಚಾಯಿತು ಎಂದೆ. ಓದು ಹೆಚ್ಚಾದದ್ದೂ ನಿಜವೇ. ಆದರೆ ಇನ್ನೊಂದು ಸೋಲನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಒಂದು ವಿದ್ಯೆಯನ್ನೇ ಬಿಟ್ಟುಕೊಟ್ಟೆನಲ್ಲಾ ಎಂಬ ಅಳುಕು ಐವತ್ತು ವರ್ಷ ನನ್ನೊಳಗೆ ಉಳಿಯಿತು. ಮೈಬಲದ ಸಾಧನೆಯ ಚರಿತ್ರೆಯನ್ನು ನಾನು ಓದತೊಡಗಿದ್ದು ಆ ಅಳುಕಿನಿಂದಲೇ. ಓದಿದಾಗ ಕಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮೂರ ಗರಡಿಯ ಬಾಗಿಲು ಗಿಡ್ಡವಾಗಿತ್ತು. ಎಂಥ ಪೈಲ್ವಾನನೇ ಆಗಲಿ, ತಲೆ ಬಾಗಿಯೇ ಒಳಗೆ ಬರಬೇಕು. ಒಳಗೆ ಬಂದವನು ಮೊದಲು ಮಟ್ಟಿಯ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ, ನಿಂಬೆಯ ರಸ ಬೆರೆಸಿ, ದಿನವೂ ಅಗೆದು ಮೆದು ಮಾಡಿದ ಮಣ್ಣು ಅದು. ಆ ಮಣ್ಣನ್ನು ಅಷ್ಟು ಮೆದುವಾಗಿ ಏಕೆ ಇಡುತ್ತಾರೆಂದು ಆಗ ನಾನು ಯೋಚಿಸಿರಲಿಲ್ಲ. ನಿಲ್ಲುವವನಿಗೆ ಮೆದು ಮಣ್ಣಿನಿಂದ ಏನೂ ಲಾಭವಿಲ್ಲ. ಬೀಳುವವನಿಗಾಗಿ ಸಿದ್ಧಪಡಿಸಿದ ನೆಲ ಅದು. ಯಾರಾದರೂ ಬಿದ್ದೇ ಬೀಳುತ್ತಾರೆ, ಇಂದು ನೀನು, ನಾಳೆ ನಾನು ಎಂಬ ತಿಳಿವಳಿಕೆಯ ಮೇಲೆಯೇ ಗರಡಿಯ ಕಟ್ಟಡ ನಿಂತಿತ್ತು. ನಮ್ಮ ಉಸ್ತಾದರು ಹೊಸ ಹುಡುಗನಿಗೆ ಮೊದಲ ವಾರ ಪಟ್ಟು ಹೇಳಿಕೊಡುತ್ತಿರಲಿಲ್ಲ. ದಂಡ, ಬಸ್ಕಿ ಮಾಡಿಸಿ, ಆಮೇಲೆ ಗಲ್ಲವನ್ನು ಎದೆಗೆ ಒತ್ತಿಕೊಂಡು, ಅಂಗೈಯಿಂದ ನೆಲ ಬಡಿದು ಬೀಳುವುದನ್ನು ಕಲಿಸುತ್ತಿದ್ದರು. ನಾನು ಕಲಿತದ್ದು ಆ ಪಾಠದ ಅರ್ಧವನ್ನು ಮಾತ್ರ. ಮೈ ಬೀಳುವುದನ್ನು ಕಲಿಯಿತು, ಮನಸ್ಸು ಕಲಿಯಲಿಲ್ಲ.

ಈ ವಿದ್ಯೆ ನಮ್ಮ ನಾಡಿನಲ್ಲಿ ಹೊಸದಲ್ಲ. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥ. ಸೋಮೇಶ್ವರನ ಬಿರುದು ಭೂಲೋಕಮಲ್ಲ. ಅವನ ತಂದೆ ಆರನೆಯ ವಿಕ್ರಮಾದಿತ್ಯನದು ತ್ರಿಭುವನಮಲ್ಲ. ಮಲ್ಲನೆಂದು ಕರೆಸಿಕೊಳ್ಳುವುದನ್ನೇ ಹೆಮ್ಮೆಯಾಗಿ ಭಾವಿಸಿದ ಮನೆತನ ಅದು. ಅರಸನ ವಿನೋದಗಳನ್ನು ವರ್ಣಿಸುವ ಭಾಗದಲ್ಲಿ ಮಲ್ಲವಿನೋದವೆಂಬ ಅಧ್ಯಾಯವಿದೆ. ಅಲ್ಲಿ ಮಲ್ಲರ ದರ್ಜೆಗಳನ್ನೂ ಆಹಾರವನ್ನೂ ಹೇಳಿ, ಅವರ ಅಭ್ಯಾಸಗಳನ್ನು ವಿಂಗಡಿಸಲಾಗಿದೆ. ಭಾರವನ್ನು ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬವನ್ನು ಹತ್ತಿ ಅಪ್ಪಿ ತಿರುಗುವುದು ಸ್ತಂಭಶ್ರಮ. ಎಲ್ಲಕ್ಕೂ ಶ್ರಮವೆಂದೇ ಹೆಸರು. ಜಯವೆಂಬ ಮಾತು ಈ ಅಭ್ಯಾಸಗಳ ಹೆಸರಿನಲ್ಲಿ ಎಲ್ಲಿಯೂ ಇಲ್ಲ. ಗೆಲುವು ಸೋಲುಗಳು ಅರಸನ ಸಭೆಯಲ್ಲಿ ತೀರ್ಮಾನವಾಗುವ ಸಂಗತಿಗಳು. ಮಲ್ಲನ ವಶದಲ್ಲಿರುವುದು ಶ್ರಮ ಮಾತ್ರ.

ಇಲ್ಲಿಂದ ಸುಮಾರು ನಾಲ್ಕು ಶತಮಾನ ಮುಂದೆ ಬಂದರೆ ವಿಜಯನಗರ. ಸುಮಾರು 1520ರಲ್ಲಿ ಆ ನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ಅರಸನು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಸೊಂಟಕ್ಕೆ ಒಂದು ತುಂಡು ಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತುತ್ತಿದ್ದನಂತೆ. ಬಳಿಕ ಕುಡಿದ ಎಣ್ಣೆಯೆಲ್ಲ ಬೆವರಾಗಿ ಹರಿಯುವವರೆಗೆ ಕತ್ತಿವರಸೆ. ಆಮೇಲೆ ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿ. ಅದಾದ ಮೇಲೆ ಕುದುರೆ ಸವಾರಿ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಬೆಳಗಾಗುತ್ತಿತ್ತು.

ಈ ಚಿತ್ರವನ್ನು ನಾವು ಅರಸನ ಶೌರ್ಯಕ್ಕೆ ಸಾಕ್ಷಿಯಾಗಿ ಓದುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಆ ಹೊತ್ತು ಕತ್ತಲೆಯ ಹೊತ್ತು. ಸಭೆ ಇನ್ನೂ ನೆರೆದಿಲ್ಲ, ಹೊಗಳುವ ಭಟ್ಟರಿಲ್ಲ. ಅರಸನ ಮಾತಿಗೆ ಎದುರು ಹೇಳದವರೇ ಸುತ್ತ ತುಂಬಿದ್ದ ಅರಮನೆಯಲ್ಲಿ ಒಂದು ಮಣ್ಣಿನ ಭಾರ ಮಾತ್ರ ಅವನ ಮುಖ ನೋಡಿ ಹಗುರವಾಗುತ್ತಿರಲಿಲ್ಲ. ಎತ್ತಲಾಗದಿದ್ದರೆ ಎತ್ತಲಾಗಲಿಲ್ಲ, ಅಷ್ಟೇ. ಚಕ್ರವರ್ತಿಯೊಬ್ಬನಿಗೆ ದಿನವೂ ನಿಜ ಹೇಳುತ್ತಿದ್ದ ವಸ್ತು ಅದು. ತನಗೆ ಆಗದ್ದು ಒಂದಿದೆ ಎಂದು ಬೆಳಗಾಗುವ ಮೊದಲೇ ತಿಳಿದವನು ಹಗಲಿನಲ್ಲಿ ಹೆಚ್ಚು ಎಚ್ಚರದಿಂದ ಇರುತ್ತಾನೆ ಎಂದು ಊಹಿಸುವುದು ತಪ್ಪಾಗಲಾರದು.

ಗರಡಿಯ ಪರಂಪರೆಯನ್ನು ಬರಿದೇ ಹೊಗಳಿದರೆ ಚರಿತ್ರೆಗೆ ಅನ್ಯಾಯ ಮಾಡಿದಂತೆ. ಮಲ್ಲರ ಸೋಲು ಅನೇಕ ಕಾಲ ಅರಸರ ವಿನೋದವಾಗಿತ್ತು. ನೋಡುವವರಿಗೆ ಆಟ, ಆಡುವವನಿಗೆ ಗಾಯ. ಮೈಸೂರಿನ ದಸರೆಯ ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿದವರಿಗೆ ಇದು ಗೊತ್ತು. ತಲೆ ಬೋಳಿಸಿದ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ಸೆಣಸುತ್ತಾರೆ. ಆದರೆ ತಲೆಯಲ್ಲಿ ಮೊದಲ ಹನಿ ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ಇಷ್ಟು ಉಗ್ರವಾದ ಆಚರಣೆಯಲ್ಲಿಯೂ ಸೋಲಿಗೆ ಒಂದು ಎಲ್ಲೆ ಹಾಕಿರುವುದನ್ನು ನೋಡಿ. ಸೋತವನು ನಾಶವಾಗಬಾರದು ಎಂಬ ಅರಿವು ಅಲ್ಲಿಯೂ ಇದೆ. ಇನ್ನೊಂದು ಕೊರತೆಯನ್ನೂ ಹೇಳಬೇಕು. ನಮ್ಮ ಗರಡಿಗಳ ಆ ಗಿಡ್ಡ ಬಾಗಿಲು ಬಹುಕಾಲ ಹೆಣ್ಣುಮಕ್ಕಳಿಗೆ ತೆರೆಯಲೇ ಇಲ್ಲ. ಬಿದ್ದು ಏಳುವ ಆ ಹಕ್ಕು ಊರಿನ ಅರ್ಧ ಜನಕ್ಕೆ ಸಿಗಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಗರಡಿಯ ಪಕ್ಕದಲ್ಲಿ ವ್ಯಾಯಾಮಶಾಲೆ ಹುಟ್ಟಿತು. ಕನ್ನಡಿಗರು ಇಲ್ಲಿ ಮೊದಲು ನೆನೆಯಬೇಕಾದ ಹೆಸರು ಕೆ. ವಿ. ಅಯ್ಯರ್ ಅವರದು. ‘ಶಾಂತಲಾ’ ಕಾದಂಬರಿಯ ಕರ್ತೃವಾಗಿ ಅವರನ್ನು ಬಲ್ಲವರಲ್ಲಿ ಅನೇಕರು, ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ಕಟ್ಟಿದವರೂ ಅವರೇ ಎಂಬುದನ್ನು ಮರೆತಿದ್ದಾರೆ. ಕೈಲಾಸಂ ಅವರ ಆಪ್ತ ಸ್ನೇಹಿತರಾಗಿದ್ದ ಈ ಸಾಹಿತಿ, ಪಶ್ಚಿಮದ ಬಾರ್‌ಬೆಲ್ಲಿನ ಸಾಧನೆಯನ್ನೂ ನಮ್ಮ ಸೂರ್ಯನಮಸ್ಕಾರ, ಆಸನಗಳನ್ನೂ ಒಂದೇ ಅಭ್ಯಾಸದಲ್ಲಿ ಬೆರೆಸಿದರು. 1930ರಲ್ಲಿಯೇ ದೇಹಸಾಧನೆಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅವರು ನಡೆಸಿದ ಅಂಚೆಯ ಮೂಲಕದ ಶಿಕ್ಷಣ ನನಗೆ ವಿಶೇಷವಾಗಿ ಕುತೂಹಲ ಹುಟ್ಟಿಸುತ್ತದೆ. ದೂರದ ಊರಿನಲ್ಲಿದ್ದವನು ಪಾಠವನ್ನು ಅಂಚೆಯಲ್ಲಿ ತರಿಸಿಕೊಂಡು ತನ್ನ ಕೋಣೆಯಲ್ಲಿಯೇ ಅಭ್ಯಾಸ ಮಾಡಬಹುದಿತ್ತು.

ಇದರ ಅರ್ಥವನ್ನು ಸ್ವಲ್ಪ ವಿಚಾರಿಸೋಣ. ಸೋಲಿನ ಭಯವೆಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ನೋಡುವವರ ಕಣ್ಣಿನ ಭಯ. ಭಾರ ಎತ್ತಲಾಗದಿದ್ದರೆ ತೋಳಿಗೆ ನೋವಾಗುವುದಿಲ್ಲ, ನಾಲ್ಕು ಜನ ನೋಡಿದರಲ್ಲಾ ಎಂದು ಮುಖ ಬಾಡುತ್ತದೆ. ಈ ಕಣ್ಣುಗಳ ಭಯಕ್ಕೆ ಗರಡಿ ಒಂದು ಬಗೆಯ ಪರಿಹಾರ ಕಂಡಿತ್ತು. ಅಲ್ಲಿ ಎಲ್ಲರೂ ಬೀಳುವವರೇ ಆದ್ದರಿಂದ ಯಾರೂ ಯಾರನ್ನೂ ಅಣಕಿಸುವಂತಿರಲಿಲ್ಲ. ಅಂಚೆಯ ಪಾಠ ಇನ್ನೊಂದು ಬಗೆಯ ಪರಿಹಾರ. ಅಲ್ಲಿ ನೋಡುವ ಕಣ್ಣೇ ಇರಲಿಲ್ಲ. ನಾನು ಹೆದರಿದ್ದು ಗರಡಿಗಲ್ಲ, ಜಾತ್ರೆಗೆ ಎಂಬುದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಈ ಚರಿತ್ರೆ ವೈದ್ಯರ ಕೈಗೆ ಬಂದಿತು. ಅಮೆರಿಕದ ಥಾಮಸ್ ಡಿಲಾರ್ಮ್ ಬಾಲ್ಯದಲ್ಲಿ ಸಂಧಿವಾತದ ಜ್ವರಕ್ಕೆ ತುತ್ತಾದವರು. ಇನ್ನು ಶ್ರಮದ ಕೆಲಸ ಕೂಡದು ಎಂದು ವೈದ್ಯರು ಹೇಳಿದ್ದರೂ ಭಾರ ಎತ್ತುವ ಅಭ್ಯಾಸದಿಂದಲೇ ಅವರು ಚೇತರಿಸಿಕೊಂಡರು. ಮುಂದೆ ಸೈನ್ಯದ ವೈದ್ಯರಾಗಿ, ಮೊಣಕಾಲು ಮುರಿದು ಬಂದ ಗಾಯಾಳು ಸೈನಿಕರಿಗೆ ಅದೇ ಚಿಕಿತ್ಸೆಯನ್ನು ಕೊಟ್ಟು, 1945ರಲ್ಲಿ ಫಲವನ್ನು ಪ್ರಕಟಿಸಿದರು. ಪೆಟ್ಟಾದ ಕಾಲಿಗೆ ಭಾರ ಹೇರಲು ಎಲ್ಲರೂ ಅಂಜುತ್ತಿದ್ದ ಕಾಲ ಅದು. ಡಿಲಾರ್ಮ್ ಅವರ ಅಳತೆಗೋಲು ಬಹಳ ಸರಳ. ಯಾವ ಭಾರವನ್ನು ಹತ್ತು ಸಲ ಎತ್ತಬಲ್ಲಿರಿ, ಹನ್ನೊಂದನೆಯ ಸಲ ಎತ್ತಲಾರಿರೋ ಅದೇ ನಿಮ್ಮ ಭಾರ. ಮೊದಲು ಅದರ ಅರ್ಧದಿಂದ ಹತ್ತು ಸಲ, ಆಮೇಲೆ ಮುಕ್ಕಾಲರಿಂದ ಹತ್ತು ಸಲ, ಕೊನೆಗೆ ಪೂರ್ಣ ಭಾರದಿಂದ ಹತ್ತು ಸಲ. ಕೆಲವು ದಿನಗಳಲ್ಲಿ ಹನ್ನೊಂದನೆಯದೂ ಸಾಧ್ಯವಾಗುತ್ತದೆ. ಆಗ ಭಾರವನ್ನು ಸ್ವಲ್ಪ ಏರಿಸಬೇಕು. ಗಮನಿಸಿ, ಇಲ್ಲಿ ಬಲವನ್ನು ಅಳೆಯುವುದೇ ಸೋಲಿನಿಂದ. ಎಲ್ಲಿ ಕೈ ಸೋಲುತ್ತದೆ ಎಂಬುದು ತಿಳಿಯದಿದ್ದರೆ ಎಲ್ಲಿಂದ ಹೊರಡಬೇಕೆಂಬುದೂ ತಿಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಪ್ರತಿದಿನವೂ ಮೈ ಸೋತು ಬೀಳುವವರೆಗೆ ಹೆಣಗಬೇಕೆಂದು ಇದರ ಅರ್ಥವಲ್ಲ. ಒಂದೆರಡು ಸಲ ಎತ್ತುವಷ್ಟು ಶಕ್ತಿ ಉಳಿದಿರುವಾಗಲೇ ನಿಲ್ಲಿಸಿದರೂ ಬಲ ಬಹುಮಟ್ಟಿಗೆ ಅಷ್ಟೇ ಬೆಳೆಯುತ್ತದೆ ಎಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ. ಸೋಲಿನ ಪರಿಚಯ ಬೇಕು, ಅದರ ಆರಾಧನೆ ಬೇಡ.

ಈಗ ಸ್ಪರ್ಧೆಯ ವೇದಿಕೆಗೆ ಬರೋಣ. ವೇಟ್‌ಲಿಫ್ಟಿಂಗ್ ಎಂಬ ಭಾರ ಎತ್ತುವ ಸ್ಪರ್ಧೆಯ ನಿಯಮಗಳಲ್ಲಿ ನನಗೆ ಒಂದು ವಿವೇಕ ಕಾಣುತ್ತದೆ. ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎಂಬ ಎರಡು ಬಗೆಗಳಲ್ಲಿ ಪ್ರತಿಯೊಬ್ಬರಿಗೂ ಮೂರು ಮೂರು ಅವಕಾಶ. ಪ್ರತಿ ಬಗೆಯಲ್ಲಿಯೂ ಎತ್ತಿದ ಅತಿ ಹೆಚ್ಚಿನ ಭಾರವೇ ಲೆಕ್ಕಕ್ಕೆ. ತಪ್ಪಿದ ಯತ್ನಕ್ಕಾಗಿ ಯಾವ ಕಿಲೋವನ್ನೂ ಕಳೆಯುವುದಿಲ್ಲ. ಆದರೆ ಸೋತವರು ಭಾರವನ್ನು ಇಳಿಸಿಕೊಡಿ ಎಂದು ಕೇಳುವಂತಿಲ್ಲ. ಅದೇ ಭಾರವನ್ನೋ ಅದಕ್ಕಿಂತ ಹೆಚ್ಚಿನದನ್ನೋ ಎತ್ತಬೇಕು. ಮೂರೂ ಯತ್ನಗಳು ತಪ್ಪಿದರೆ ಒಟ್ಟು ಮೊತ್ತವೇ ಇಲ್ಲ. ಕ್ಷಮೆಯೂ ಕಾಠಿಣ್ಯವೂ ಒಟ್ಟಿಗೆ ಇರುವ ನಿಯಮವಿದು.

ಉಡುಪಿ ಜಿಲ್ಲೆಯ ಕುಂದಾಪುರದ ಕಡೆಯ ಗುರುರಾಜ ಪೂಜಾರಿ ಮೊದಲು ಕುಸ್ತಿಗೆ ಆಸೆಪಟ್ಟವರು. ಉಜಿರೆಯ ಕಾಲೇಜಿನಲ್ಲಿ ಓದುವಾಗ ಭಾರ ಎತ್ತುವುದಕ್ಕೆ ತಿರುಗಿದರು. ತಂದೆ ವಾಹನ ಚಾಲಕರು. 2018ರ ಏಪ್ರಿಲಿನಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಅವರು ಸ್ಪರ್ಧಿಸಿದರು. ಸ್ನ್ಯಾಚಿನಲ್ಲಿ 111 ಕಿಲೋ ಎತ್ತಿದ್ದಾಯಿತು. ಕ್ಲೀನ್ ಅಂಡ್ ಜರ್ಕಿನಲ್ಲಿ ಮೊದಲ ಯತ್ನ ತಪ್ಪಿತು, ಎರಡನೆಯದೂ ತಪ್ಪಿತು. ಉಳಿದದ್ದು ಒಂದೇ. ಮೂರನೆಯ ಸಲ 138 ಕಿಲೋ ತಲೆಯ ಮೇಲೆ ನಿಂತಿತು. ಒಟ್ಟು 249 ಕಿಲೋ, ಬೆಳ್ಳಿಯ ಪದಕ, ಆ ಕೂಟದಲ್ಲಿ ಭಾರತಕ್ಕೆ ಮೊದಲನೆಯದು. ಎರಡು ಸಲ ಕೈಬಿಟ್ಟ ಕಬ್ಬಿಣದ ಮುಂದೆ ಮೂರನೆಯ ಸಲ ಹೋಗಿ ನಿಂತ ಆ ಒಂದು ನಿಮಿಷವನ್ನು ಊಹಿಸಿಕೊಂಡಾಗಲೆಲ್ಲ ನನಗೆ ಜಾತ್ರೆಯ ಮಾರನೆಯ ದಿನ ನೆನಪಾಗುತ್ತದೆ. ನನಗೂ ಎರಡನೆಯ, ಮೂರನೆಯ ಅವಕಾಶಗಳಿದ್ದವು. ನಾನು ಹೋಗಲಿಲ್ಲ.

ಮಣಿಪುರದ ಮೀರಾಬಾಯಿ ಚಾನು ಅವರ ಕಥೆ ಇನ್ನೂ ಕಠಿಣವಾದದ್ದು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಕ್ಲೀನ್ ಅಂಡ್ ಜರ್ಕಿನ ಮೂರೂ ಯತ್ನಗಳು ತಪ್ಪಿದವು. ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಮೊತ್ತವೇ ಇರಲಿಲ್ಲ. ಜಗತ್ತೆಲ್ಲ ನೋಡುತ್ತಿದ್ದ ಜಾತ್ರೆಯಲ್ಲಿ ಆದ ಸೋಲು ಅದು. ಮರುವರ್ಷ 2017ರಲ್ಲಿ ಅವರು 194 ಕಿಲೋ ಎತ್ತಿ ವಿಶ್ವ ಚಾಂಪಿಯನ್ ಆದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 202 ಕಿಲೋ ಎತ್ತಿ ಬೆಳ್ಳಿ ಗೆದ್ದರು.

ಇಲ್ಲಿಗೆ ಮಾತು ನಿಲ್ಲಿಸಿದರೆ ಕೇಳಲು ಹಿತವಾಗಿರುತ್ತದೆ. ಆದರೆ ಚರಿತ್ರೆ ನಮ್ಮ ಹಿತಕ್ಕಾಗಿ ನಿಲ್ಲುವುದಿಲ್ಲ. 2024ರ ಪ್ಯಾರಿಸಿನಲ್ಲಿ ಅವರು 199 ಕಿಲೋ ಎತ್ತಿ ನಾಲ್ಕನೆಯವರಾದರು. ಕಂಚು ಗೆದ್ದವರ ಮೊತ್ತ 200. ಒಂದೇ ಕಿಲೋ. ಹಾಗೆಯೇ 2000ರಲ್ಲಿ ಸಿಡ್ನಿಯಲ್ಲಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದ ಕರ್ಣಂ ಮಲ್ಲೇಶ್ವರಿ ಅವರ ಅಂದಿನ ಕೊನೆಯ ಯತ್ನವೂ ಸೋಲೇ. ಚಿನ್ನಕ್ಕಾಗಿ 137.5 ಕಿಲೋ ಬೇಡಿ, ಅದನ್ನು ಎತ್ತಲಾರದೆ ಹೋದರು. ಭಯವನ್ನು ಗೆದ್ದವರಿಗೆ ಪದಕ ಸಿಕ್ಕೇ ಸಿಗುತ್ತದೆ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅದು ಸುಳ್ಳು. ಭಯವನ್ನು ಗೆದ್ದವರಿಗೆ ಮತ್ತೊಮ್ಮೆ ವೇದಿಕೆಯನ್ನು ಹತ್ತುವ ಶಕ್ತಿ ಸಿಗುತ್ತದೆ. ಅಷ್ಟೇ ಸಿಗುವುದು, ಅದು ಸಾಕಷ್ಟು ದೊಡ್ಡದು.

ವೇದಿಕೆಯ ಮೇಲಿನ ವೀರರ ಮಾತು ನಮ್ಮಂಥ ವಯಸ್ಸಾದವರಿಗೆ ಏಕೆ ಎಂದು ಕೆಲವರಾದರೂ ಕೇಳಬಹುದು. 1990ರಲ್ಲಿ ಬೋಸ್ಟನ್ನಿನ ವೈದ್ಯರು, ಆರೈಕೆಯ ಮನೆಯಲ್ಲಿದ್ದ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲುಗಳಿಂದ ಭಾರ ಎತ್ತಿಸಿದ ಪ್ರಯೋಗವನ್ನು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 90. ಅಭ್ಯಾಸ ಮುಗಿಸಿದವರ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತ್ತು. ಈ ವಯಸ್ಸಿನಲ್ಲಿ ನಮ್ಮಿಂದಾಗದು ಎಂಬ ಮಾತಿನಲ್ಲಿ ಮೈಯ ಸಾಕ್ಷಿಗಿಂತ ಭಯದ ಸಾಕ್ಷಿಯೇ ಹೆಚ್ಚು ಎಂದು ಇದರಿಂದ ತೋರುತ್ತದೆ.

ನನ್ನ ಮೊಣಕಾಲುಗಳು ಎರಡು ವರ್ಷದ ಹಿಂದೆ ಮುಷ್ಕರ ಹೂಡಿದವು. ವ್ಯಾಯಾಮ ಚಿಕಿತ್ಸೆ ಮಾಡಿಸುವ ಒಬ್ಬ ಹೆಣ್ಣುಮಗಳು, ನನ್ನ ಮೊಮ್ಮಗಳಿಗಿಂತ ಕೆಲವೇ ವರ್ಷ ದೊಡ್ಡವಳಿರಬೇಕು, ನನ್ನನ್ನು ಒಂದು ಕುರ್ಚಿಯ ಮೇಲೆ ಕೂರಿಸಿ, ‘ಕೈ ಊರದೆ ಹತ್ತು ಸಲ ಎದ್ದು ಕೂತು ಮಾಡಿ, ಸರ್’ ಎಂದಳು. ಬಸ್ಕಿಯ ಬಡ ಸಂಬಂಧಿ ಇದು ಎಂದು ಮನಸ್ಸಿನಲ್ಲೇ ನಕ್ಕೆ. ಆರು ಸಲ ಎದ್ದೆ. ಏಳನೆಯ ಸಲ ಅರ್ಧಕ್ಕೆ ಎದ್ದವನು ಧೊಪ್ಪನೆ ಕುರ್ಚಿಗೆ ಬಿದ್ದೆ. ಪಕ್ಕದಲ್ಲಿ ಸರದಿಗಾಗಿ ಕಾದಿದ್ದವರು ನೋಡುತ್ತಿದ್ದರು. ‘ಈ ಕುರ್ಚಿ ಸ್ವಲ್ಪ ತಗ್ಗು’ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಒದ್ದೆ ಮಣ್ಣಿನ ಮಾತಿಗೂ ಇದಕ್ಕೂ ಎಷ್ಟು ಹತ್ತಿರ! ಅಷ್ಟರಲ್ಲಿ ಆಕೆ ಸಣ್ಣದೊಂದು ಪುಸ್ತಕ ತೆಗೆದು ‘6’ ಎಂದು ಬರೆದು, ‘ನಾಡಿದ್ದು ಇಲ್ಲಿಂದ ಶುರು ಮಾಡೋಣ, ಸರ್’ ಎಂದಳು. ಅವಳ ದನಿಯಲ್ಲಿ ಅನುಕಂಪವೂ ಇರಲಿಲ್ಲ, ಹಾಸ್ಯವೂ ಇರಲಿಲ್ಲ. ನಮ್ಮ ಉಸ್ತಾದರ ದನಿ ಕೇಳಿದಂತಾಯಿತು.

ಆ ಪುಸ್ತಕ ಈಗ ನನ್ನ ಬಳಿ ಇದೆ. ಆರು ಏಳಾಯಿತು, ಜ್ವರ ಬಂದ ವಾರ ಏಳು ಐದಾಯಿತು, ಮತ್ತೆ ಏರಿತು. ಈಗ ಎರಡು ಕೈಯಲ್ಲಿ ಎರಡು ಕಿಲೋ ಮರಳಿನ ಚೀಲಗಳೂ ಇವೆ. ಜೀವಮಾನವೆಲ್ಲ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದವನು ನಾನು. ಕಡಿಮೆ ಅಂಕ ಬಂದ ಹುಡುಗ ಹುಡುಗಿಯರ ಮುಖಗಳು ಈಗ ನೆನಪಾಗುತ್ತವೆ. ಅಂಕ ಹೇಳುವಾಗ ‘ಇಲ್ಲಿಂದ ಶುರು ಮಾಡೋಣ’ ಎಂಬ ಮಾತನ್ನು ಅವರಲ್ಲಿ ಎಷ್ಟು ಜನಕ್ಕೆ ಹೇಳಿದ್ದೆ? ಲೆಕ್ಕ ಹಾಕಿದರೆ ಸಂಕೋಚವಾಗುತ್ತದೆ. ಅವರಿಗೆ ನಾನು ಜಾತ್ರೆಯನ್ನು ತೋರಿಸಿದೆ, ಗರಡಿಯನ್ನು ತೋರಿಸಲಿಲ್ಲ. ಈ ಮಾತನ್ನು ಕೇಳುತ್ತಿರುವ ಅಧ್ಯಾಪಕರೂ ತಂದೆತಾಯಿಗಳೂ ನನ್ನ ತಪ್ಪನ್ನು ಮಾಡದಿರಲಿ.

ಇಂದು ಬೆಳಿಗ್ಗೆ ಹನ್ನೆರಡನೆಯ ಸಲ ಏಳಲು ಹೋಗಿ ಕುರ್ಚಿಗೆ ಬಿದ್ದೆ. ಕುರ್ಚಿ ತಗ್ಗಾಗಿರಲಿಲ್ಲ, ನೆಲವೂ ಒದ್ದೆಯಾಗಿರಲಿಲ್ಲ. ಪುಸ್ತಕದಲ್ಲಿ ಹನ್ನೊಂದು ಎಂದೇ ಬರೆದಿದ್ದೇನೆ.